ನಡುಬಾಗಿಲ ಈಚೆ

ಕಂಪ್ಲಿಯಲ್ಲಿ ಅಕ್ಕಿ ಮಿಲ್ಲಿನ ಮಲ್ಲೇಶನ ಮನೆ ಯಾವುದೆಂದು ಕೇಳಿದರೆ ಒಂದಿಬ್ಬರು ತಲೆ ಕೆರೆದುಕೊಂಡಾರು. ಪಡಸಾಲೆ ಮನೆ ಎಂದರೆ ಬಸ್‌ಸ್ಟ್ಯಾಂಡಿನ ಆಟೋದವರು ಮರುಮಾತಿಲ್ಲದೆ ತಂದು ಬಿಡುತ್ತಾರೆ. ಬೀದಿಯಿಂದ ಮೂರು ಮೆಟ್ಟಿಲು ಹತ್ತಿ ತಲೆಬಾಗಿಲು ದಾಟಿದರೆ ಎತ್ತಿನ ಗಾಡಿಯನ್ನೇ ಹೊರಳಿಸುವಷ್ಟು ದೊಡ್ಡ ಪಡಸಾಲೆ. ನೆಲಕ್ಕೆ ಕಡಪಾ ಕಲ್ಲು, ನಡುವೆ ನಾಲ್ಕು ಬೇವಿನ ಕಂಬ, ಒಂದು ಗೋಡೆಗೆ ಅಕ್ಕಿ ಚೀಲಗಳ ಸಾಲು. ಪಡಸಾಲೆಯ ಕೊನೆಗೆ ನಡುಬಾಗಿಲು. ಅದರಾಚೆ ಒಲೆ, ದೇವರು, ಮಲಗುವ ಕೋಣೆಗಳು.

ಆ ಪಡಸಾಲೆಯಲ್ಲಿ ಯಾರು ಎಲ್ಲಿಯವರೆಗೆ ಬರಬೇಕು ಎಂಬುದನ್ನು ಯಾರೂ ಬರೆದು ಅಂಟಿಸಿರಲಿಲ್ಲ. ಬೀಗರು, ನೆಂಟರು ಒಳಗಿನ ಕಂಬಗಳ ನಡುವೆ ಜಮಖಾನದ ಮೇಲೆ. ಭತ್ತ ತಂದ ರೈತರು ಗೋಡೆಯ ಬದಿಯ ಬೆಂಚಿನ ಮೇಲೆ. ಮಿಲ್ಲಿನ ಹಮಾಲರು ಚಪ್ಪಲಿ ಬಿಡುವ ಜಾಗದ ಹತ್ತಿರ, ಕುಕ್ಕರಗಾಲಿನಲ್ಲಿ. ಕಸ ಹೊಡೆಯುವ ತಾಯಕ್ಕ ಪೊರಕೆ ಹಿಡಿದಾಗ ಪಡಸಾಲೆಯ ಮೂಲೆ ಮೂಲೆಗೂ ಬರಬಹುದು, ಪೊರಕೆ ಕೆಳಗಿಟ್ಟ ಮೇಲೆ ತಲೆಬಾಗಿಲಿನ ಆಚೆ ಮೆಟ್ಟಿಲ ಮೇಲೆಯೇ ಕೂರಬೇಕು. ಅವಳಿಗೆ ನೀರು ಬೇಕಾದರೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು.

ಇದೆಲ್ಲವನ್ನೂ ಕಾಯುತ್ತಿದ್ದವಳು ಮಲ್ಲೇಶನ ತಾಯಿ ಪಂಪಮ್ಮ. ನಡುಬಾಗಿಲಿನ ಒಳಗೆ ಒಂದು ಗಿಡ್ಡ ಮಂಚ ಹಾಕಿಸಿಕೊಂಡು ಕೂತರೆ ಬೀದಿಯ ಮೆಟ್ಟಿಲವರೆಗೆ ಅವಳ ಕಣ್ಣು ಓಡುತ್ತಿತ್ತು. ಬಾಯಿ ಮಾಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ತಪ್ಪಿ ಕೂತವರು ಎರಡು ನಿಮಿಷಕ್ಕೆ ತಾವಾಗಿಯೇ ಎದ್ದು ಸರಿಯುತ್ತಿದ್ದರು.

ಆದರೆ ಅವಳು ಈ ಮನೆಯಲ್ಲಿ ಹುಟ್ಟಿದವಳಲ್ಲ. ಸಂಡೂರಿನ ಗುಡ್ಡದ ಬುಡದ ಹಳ್ಳಿಯೊಂದರಲ್ಲಿ ಅವಳಪ್ಪನದು ಕಡ್ಡಿಪೆಟ್ಟಿಗೆ, ಬೆಲ್ಲ ಮಾರುವ ಅಂಗಡಿ. ಮನೆ ಎಂದರೆ ಒಂದೇ ಅಂಕಣ, ಬಾಗಿಲು ತೆರೆದರೆ ಒಲೆಯೇ ಕಾಣುತ್ತಿತ್ತು. ಹದಿನೆಂಟಕ್ಕೆ ಮದುವೆಯಾಗಿ ಬಂದ ದಿನ, ಕಾಲು ನೋಯುತ್ತವೆಂದು ಪಡಸಾಲೆಯಲ್ಲಿ ಸಿಕ್ಕ ಜಾಗದಲ್ಲಿ ಕೂತಳು. ಅತ್ತೆ ನಾಲ್ಕು ಜನರ ಮುಂದೆ, ಅದು ಹಮಾಲರು ಕೂರುವ ಜಾಗ, ನಿಮ್ಮಪ್ಪ ಮನೆ ಅನ್ನೋದನ್ನ ನಿನಗೆ ತೋರಿಸೇ ಇಲ್ಲವೇನೋ ಎಂದಳು. ಎಲ್ಲರೂ ನಕ್ಕರು. ನಾಚಿಕೆಪಟ್ಟು ಕಲಿತ ಪಾಠವನ್ನು ಮನುಷ್ಯ ಮರೆಯುವುದಿಲ್ಲ. ಐದು ವರ್ಷಗಳಲ್ಲಿ ಪಂಪಮ್ಮ ಅತ್ತೆಗಿಂತ ಹೆಚ್ಚು ಕಲಿತಳು.

ತಾಯಕ್ಕನ ಕೇರಿಯಿಂದ ಓದಿ ಮೇಷ್ಟ್ರಾದ ಹನುಮೇಶ ಒಮ್ಮೆ ತನ್ನ ಹೊಸ ಮನೆಯ ಪ್ರವೇಶಕ್ಕೆ ಕರೆಯಲು ಕಾರ್ಡು ಹಿಡಿದು ಬಂದರು. ಮಲ್ಲೇಶ ಶಾಲೆಯಲ್ಲಿ ಅವರ ಜೊತೆ ಓದಿದವನು, ಸಂಕೋಚಪಟ್ಟುಕೊಂಡು ಜಮಖಾನದ ಮೇಲೆ ಕೂಡಿಸಿದ. ಚಹಾ ಆಯಿತು, ಮಾತಾಯಿತು. ಮೇಷ್ಟ್ರು ಎದ್ದು ಮೆಟ್ಟಿಲ ಬಳಿ ಶೂ ಹಾಕಿಕೊಳ್ಳುತ್ತಿರುವಾಗಲೇ ಪಂಪಮ್ಮ ಒಂದು ಕೊಡ ನೀರು ತರಿಸಿ ಜಮಖಾನದ ಮೇಲೆ ಸುರಿಸಿದಳು. ನೀರು ಕಡಪಾ ಕಲ್ಲಿನ ಮೇಲೆ ಹರಿದು ಮೆಟ್ಟಿಲಿಗೆ ಬಂತು. ಮೇಷ್ಟ್ರು ಒಂದು ಕಾಲಿನ ಲೇಸು ಕಟ್ಟದೆಯೇ ಇಳಿದು ಹೋದರು. ಆ ಜಮಖಾನ ತಿಕ್ಕಿ ತೊಳೆದವಳು ತಾಯಕ್ಕ.

ಹೀಗಿದ್ದ ಪಂಪಮ್ಮನಿಗೆ ಎಪ್ಪತ್ತೊಂದನೆಯ ವಯಸ್ಸಿಗೆ, ಶ್ರಾವಣ ಆಗಷ್ಟೇ ಹುಟ್ಟಿದ ವಾರ, ಜ್ವರ ಬಂತು. ನಾಲ್ಕನೇ ದಿನಕ್ಕೆ ಮಾತು ನಿಂತಿತು. ಹೊಸಪೇಟೆಯ ಒಂದು ದವಾಖಾನೆಯಲ್ಲಿ ಆರು ದಿನ ಇಟ್ಟರು. ಆರನೆಯ ದಿನ ಡಾಕ್ಟರು ಮಲ್ಲೇಶನನ್ನು ಪಕ್ಕಕ್ಕೆ ಕರೆದು, ಕಿಡ್ನಿ ಎರಡೂ ಕೈಬಿಟ್ಟಿವೆ, ಹೆಚ್ಚೆಂದರೆ ಎರಡು ದಿನ, ಮನೆಯಲ್ಲೇ ಆಗಲಿ ಎಂದರು. ಆಂಬುಲೆನ್ಸಿನಲ್ಲಿ ತಂದರು. ಸಾಯುವ ಜೀವವನ್ನು ಒಳಗಿನ ಮಂಚದ ಮೇಲೆ ಬಿಡುವ ಪದ್ಧತಿ ಅವರಲ್ಲಿ ಇಲ್ಲ. ಪಡಸಾಲೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದರು. ಸೊಸೆ ಶೈಲಜಾ ಬಳೆ, ಬೆಂಡೋಲೆ ಬಿಚ್ಚಿದಳು. ಮನೆತನದ ಅಯ್ಯನವರು ಕೊಟ್ರಯ್ಯ ಬಂದು, ಹಣೆಗೆ ವಿಭೂತಿ ಧರಿಸಿ, ಬಾಯಿಗೆ ತೀರ್ಥ ಬಿಟ್ಟು, ಹೋಗುವ ಜೀವಕ್ಕೆ ಕೊಡುವ ವಿಭೂತಿ ವೀಳ್ಯ ಕೊಟ್ಟರು. ವೀಳ್ಯ ಆದ ಮೇಲೆ ಆ ಜೀವಕ್ಕೂ ಮನೆಗೂ ಲೆಕ್ಕ ಹರಿಯಿತು. ಇನ್ನು ಕಾಯುವುದಷ್ಟೇ ಕೆಲಸ.

ಕಾದರು. ಸಂಡೂರಿನಿಂದ ತವರಿನವರು ಬಂದರು. ದೋಣಿಮಲೈ ಗಣಿ ಕಂಪನಿಯಲ್ಲಿ ಕೆಲಸಕ್ಕಿದ್ದ, ಅವಳ ತಂಗಿಯ ಮಗ ವಿಜಯಕುಮಾರ್ ಮೂರು ದಿನ ರಜೆ ಬರೆದು ಕೊಟ್ಟು ಬಂದ. ಭಜನೆಯವರು ತಾಳ ಹಿಡಿದು ಕೂತರು. ಜೀವ ಹೋದ ಮೇಲೆ ಗೋಡೆಗೆ ಒರಗಿಸಿ ಕೂಡಿಸಲು ಯಾವ ಜಾಗ ಸರಿ, ಯಾವ ಸೀರೆ ಉಡಿಸಬೇಕು, ಮೆರವಣಿಗೆ ಯಾವ ಬೀದಿಯಿಂದ ಎಂದೆಲ್ಲ ಅವಳ ತಲೆಯ ಮೇಲೆಯೇ ಮಾತು ನಡೆಯಿತು. ಎರಡು ದಿನವಾಯಿತು, ಮೂರಾಯಿತು. ಭಜನೆಯವರು ಒಬ್ಬೊಬ್ಬರಾಗಿ ಗಂಟಲು ಕಟ್ಟಿತೆಂದು ಎದ್ದರು. ವಿಜಯಕುಮಾರ್ ಗಡಿಯಾರ ನೋಡಿಕೊಂಡು, ದೊಡ್ಡವ್ವ ಮೊದಲಿನಿಂದಲೂ ಯಾರ ಮಾತೂ ಕೇಳಿದವಳಲ್ಲ, ಡಾಕ್ಟರ ಮಾತು ಕೇಳುತ್ತಾಳೇನು ಎಂದ. ಸತ್ತವರ ಮನೆಯಲ್ಲಿ ನಗಬಾರದು, ಸಾಯದವರ ಮನೆಯಲ್ಲಿ ನಗಬಹುದೋ ಏನೋ ಗೊತ್ತಾಗದೆ ಒಂದಿಬ್ಬರು ಬಾಯಿಗೆ ಟವೆಲ್ ಒತ್ತಿಕೊಂಡರು.

ಐದನೆಯ ದಿನ ಬೆಳಿಗ್ಗೆ ಪಂಪಮ್ಮ ಕಣ್ಣು ಬಿಟ್ಟಳು. ಮೊದಲು ಕಂಡದ್ದು ಪಡಸಾಲೆಯ ಜಂತಿ. ಈ ಮನೆಗೆ ಬಂದು ಐವತ್ತಮೂರು ವರ್ಷವಾದರೂ ಆ ಜಂತಿಗಳನ್ನು ಮಲಗಿಕೊಂಡು ಅವಳು ಎಂದೂ ನೋಡಿರಲಿಲ್ಲ. ಹಣೆ ಬಿಗಿಯುತ್ತಿತ್ತು. ಕೈ ಹಾಕಿ ನೋಡಿದಳು, ಒಣಗಿದ ವಿಭೂತಿ ಉದುರಿತು. ಕಿವಿ ಮುಟ್ಟಿಕೊಂಡಳು, ಓಲೆ ಇರಲಿಲ್ಲ. ಏನಾಗಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಮನೆತನದ ಕಟ್ಟಳೆ ಅವಳಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ವೀಳ್ಯ ಕೊಟ್ಟು ಪಡಸಾಲೆಗೆ ಇಳಿಸಿದ ಜೀವ ನಡುಬಾಗಿಲ ಹೊಸ್ತಿಲು ದಾಟಿ ಮತ್ತೆ ಒಳಗೆ ಹೋಗಬಾರದು. ಹೋದರೆ ಅದರ ಬದಲಿಗೆ ಒಳಗಿನ ಇನ್ನೊಂದು ಜೀವ ಹೊರಗೆ ಬರುತ್ತದೆ. ಅವಳ ಅತ್ತೆಗೂ ಹೀಗೆಯೇ ಆಗಿತ್ತು. ವೀಳ್ಯದ ಮೂರನೇ ದಿನ ಮುದುಕಿಗೆ ಎಚ್ಚರವಾಯಿತು, ಹತ್ತೊಂಬತ್ತು ದಿನ ಬದುಕಿದಳು. ಪಂಪೀ, ಒಳಗ ಕರಕೊಳ್ಳೇ ಎಂದು ದಿನಕ್ಕೆ ಹತ್ತು ಸಲ ಕರೆದಳು. ಪಂಪಮ್ಮ ನಡುಬಾಗಿಲಲ್ಲಿ ನಿಂತು, ವೀಳ್ಯ ಆಗೇತಿ ಅತ್ತಿ, ನಂದೇನೈತಿ ಇದರಾಗ ಎಂದಳು. ಮೊದಲು ಬಟ್ಟಲು ಗಂಜಿ ಕೊಟ್ಟಳು, ಆಮೇಲೆ ಅರ್ಧ ಬಟ್ಟಲು, ಆಮೇಲೆ ಚಮಚ. ಆಗ ಅದನ್ನು ಪಾಪವೆಂದು ಯಾರೂ ಅಂದಿರಲಿಲ್ಲ. ಸೊಸೆ ಕಟ್ಟಳೆ ಉಳಿಸಿದಳೆಂದು ಕೇರಿಯಲ್ಲಿ ಹೆಸರಾಗಿತ್ತು.

ಈಗ ಶೈಲಜಾ ಬಟ್ಟಲು ಹಿಡಿದು ಬಂದಳು. ಪಂಪಮ್ಮ ಮೊದಲು ನೋಡಿದ್ದು ಅದರಲ್ಲಿ ಗಂಜಿ ಎಷ್ಟಿದೆ ಎಂಬುದನ್ನು. ಬಟ್ಟಲು ತುಂಬಿತ್ತು. ಮೂರು ದಿನ ತುಂಬಿ ಬಂತು. ಪಂಪಮ್ಮ ಗೋಡೆ ಹಿಡಿದು ಕೂತಳು, ಮನೆಯ ಪಕ್ಕದ ಸಂದಿಯ ಬಚ್ಚಲಿಗೆ ಹೊರಗಿನಿಂದ ತಾನೇ ಹೋಗಿ ಬಂದಳು. ನೆಂಟರು ಸಂತೋಷ ಎಂದು ಹೇಳಿ, ಸಂತೋಷದಂತೆ ಕಾಣದ ಮುಖ ಹೊತ್ತು ಬಸ್ಸು ಹತ್ತಿದರು. ನಾಲ್ಕನೇ ದಿನ ಬಟ್ಟಲು ಅರ್ಧಕ್ಕೆ ಇಳಿಯಿತು. ಅವತ್ತೇ ಪಂಪಮ್ಮ ಮಗನನ್ನು ಕೂಗಿ, ಮಲ್ಲೇಶಾ, ನನ್ನ ಒಳಗ ಕರಕೊಂಡು ಹೋಗು ಎಂದಳು.

ಮಲ್ಲೇಶ ನಡುಬಾಗಿಲ ಕಡೆ ನೋಡಿದ. ಅವನು ಅವ್ವನನ್ನು ಇಷ್ಟಪಡದವನೇನಲ್ಲ. ಆದರೆ ಒಳಗೆ ಕಾವ್ಯ ಇದ್ದಳು. ಮಲ್ಲೇಶನ ಒಬ್ಬಳೇ ಮಗಳು, ಹೊಸಪೇಟೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು, ಏಳು ತಿಂಗಳ ಬಸುರಿ. ಹೋದ ವರ್ಷ ಮೂರನೇ ತಿಂಗಳಲ್ಲಿ ಒಂದು ಹೋಗಿತ್ತು. ಈ ಸಲ ಜೋಪಾನವಾಗಿರಲೆಂದು ತವರಿಗೆ ಕರೆದು ತಂದು, ತಂಪಾಗಿರುತ್ತದೆ ಎಂದು ಪಂಪಮ್ಮನ ಕೋಣೆಯನ್ನೇ ಕೊಟ್ಟಿದ್ದರು. ಒಳಗಿನ ಒಂದು ಜೀವ ಹೊರಗೆ ಬರುತ್ತದೆ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಶೈಲಜಾ ಮಾತ್ರ ನಡುಬಾಗಿಲನ್ನು ಹಗಲಲ್ಲೂ ಮುಂದೆ ಮಾಡತೊಡಗಿದಳು.

ಕೊಟ್ರಯ್ಯನನ್ನು ಕರೆಸಿದರು. ಪಂಪಮ್ಮ ಅವರ ಕಾಲು ಹಿಡಿದಳು. ಮುದುಕಿಯೊಬ್ಬಳು ಕಾಲು ಹಿಡಿದರೆ ಎಂಥ ಅಯ್ಯನವರಿಗೂ ಮುಜುಗರವಾಗುತ್ತದೆ. ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಕೊನೆಗೆ ಒಂದು ದಾರಿ ಇದೆ ಎಂದರು.

"ನೋಡಮ್ಮ, ವೀಳ್ಯ ತಗೊಂಡಾಕಿಗೆ ಮನಿ ಅಂಬೋದು ಇರಂಗಿಲ್ಲ. ಯಾವ ಒಲಿ ಅನ್ನ ಉಂತಿ, ಆ ಒಲಿ ನಿನ್ನ ಮನಿ. ಬರೋ ಸ್ವಾಮಾರತನ ಈ ಒಲಿದು ಬಿಟ್ಟು ಬ್ಯಾರೆ ಒಂದು ಅಗಳು ಬಾಯಿಗೆ ಹಾಕಬ್ಯಾಡ. ಸ್ವಾಮಾರ ನಾ ಬಂದು ಶಾಂತಿ ಮಾಡಿ, ನಿನ್ನ ಒಳಗ ಕಳಿಸ್ತೀನಿ."

ಆಮೇಲೆ ಶೈಲಜಾ ಕಡೆ ತಿರುಗಿ, ಹಂಗ ಮಾಡಿದ್ರ ಬಸುರಿಗೆ ಏನೂ ದೋಷಿಲ್ಲವ್ವ ಎಂದರು. ಶೈಲಜಾ ತಲೆಯಾಡಿಸಿದಳು. ಅಂದು ಮಂಗಳವಾರ.

ಆರು ದಿನ ಎಂದರೆ ಏನು ಮಹಾ ಎಂದುಕೊಂಡಳು ಪಂಪಮ್ಮ. ಆದರೆ ಬುಧವಾರ ಕಾಲು ಬಟ್ಟಲು ಬಂತು. ಗುರುವಾರ ಗಂಜಿ ನೀರಾಗಿ ಬಂತು, ಅದರಲ್ಲಿ ಜಂತಿಯ ನೆರಳು ಕಾಣುತ್ತಿತ್ತು. ಕೇಳಿದರೆ ಶೈಲಜಾ, ಹೊಟ್ಟಿಗೆ ಭಾರ ಆಗಬಾರದಲ್ಲ ಅತ್ತಿ ಎನ್ನುತ್ತಿದ್ದಳು. ಆ ಮಾತಿನ ದನಿಯೂ ಪಂಪಮ್ಮನಿಗೆ ಪರಿಚಯದ್ದೇ. ತಾನು ಅತ್ತೆಗೆ ಹೇಳುತ್ತಿದ್ದದ್ದೂ ಅದನ್ನೇ. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಬಸುರಿಯ ಬಯಕೆಗೆಂದು ದಿನಕ್ಕೊಂದು ಬಗೆ ಮಾಡುತ್ತಿದ್ದರು. ಪಂಪಮ್ಮ ನಡುಬಾಗಿಲಿನ ಸಂದಿಗೆ ಮೂಗು ಹಚ್ಚಿ ಕೂತು, ಇವತ್ತು ಬದನೆಕಾಯಿ ಎಣ್ಣೆಗಾಯಿ, ಇವತ್ತು ಹೋಳಿಗೆ ಎಂದು ಗುರುತು ಹಿಡಿಯುತ್ತಿದ್ದಳು.

ಶನಿವಾರ ಕಾವ್ಯಳ ಸ್ಕ್ಯಾನಿಂಗು. ಬೆಳಿಗ್ಗೆ ಏಳಕ್ಕೇ ಮಲ್ಲೇಶ ಕಾರು ತೆಗೆದ. ಶೈಲಜಾ ಅರ್ಧ ಲೋಟ ಹಾಲು ತಂದು ಚಾಪೆಯ ಬಳಿ ಇಟ್ಟು, ಒಂದು ಗಂಟೆಗೆ ಬಂದುಬಿಡ್ತೀವಿ ಎಂದು ಹೇಳಿ, ನಡುಬಾಗಿಲಿಗೆ ಬೀಗ ಹಾಕಿ, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಹಿತ್ತಲ ಬಾಗಿಲಿಗೂ ಒಳಗಿನಿಂದ ಚಿಲಕ ಹಾಕಿತ್ತು. ಒಂದು ಗಂಟೆಯಾಯಿತು, ಎರಡಾಯಿತು. ಹೊಸಪೇಟೆಯಲ್ಲಿ ಸ್ಕ್ಯಾನಿಂಗ್ ಮುಗಿದು, ಎಲ್ಲ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ ಖುಷಿಗೆ ಅವರು ಹೋಟೆಲಿನಲ್ಲಿ ಊಟ ಮಾಡಿ, ತೊಟ್ಟಿಲು ನೋಡಲು ಅಂಗಡಿಗೆ ಹೋಗಿದ್ದರು. ಅದು ಪಂಪಮ್ಮನಿಗೆ ಆಮೇಲೆ ಗೊತ್ತಾದ ಸಂಗತಿ. ಆಗ ಅವಳಿಗೆ ಗೊತ್ತಿದ್ದದ್ದು ಹೊಟ್ಟೆಯೊಂದೇ. ಎರಡು ದಿನದ ನೀರುಗಂಜಿಯ ಮೇಲೆ ಅರ್ಧ ಲೋಟ ಹಾಲು. ಪಕ್ಕದಲ್ಲಿ ಐವತ್ತು ಚೀಲ ಸೋನಾಮಸೂರಿ ಇತ್ತು. ಒಂದು ಚೀಲದ ಹೊಲಿಗೆಯಲ್ಲಿ ಬೆರಳಾಡಿಸಿ ಹತ್ತು ಕಾಳು ಎಳೆದು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಲ್ಲಿ ಅವು ಕಲ್ಲಿನಂತೆ ಉಳಿದವು.

ತಾಯಕ್ಕ ಬಂದದ್ದು ಆ ಹೊತ್ತಿಗೆ. ಅವಳಿಗೂ ಅರವತ್ತರ ಹತ್ತಿರ. ಮೂವತ್ತು ವರ್ಷದಿಂದ ಬೆಳಿಗ್ಗೆ, ಮಧ್ಯಾಹ್ನ ಈ ಪಡಸಾಲೆ ಹೊಡೆಯುತ್ತಿದ್ದವಳು. ಪಂಪಮ್ಮ ಅವಳ ಜೊತೆ ಅಲ್ಲಿ ಹೊಡಿ, ಇಲ್ಲಿ ಬಿಟ್ಟೀದಿ ಎಂಬುದರಾಚೆ ಮಾತಾಡಿದ್ದು ಕಡಿಮೆ. ತಾಯಕ್ಕ ಪೊರಕೆ ಊರಿ ನಿಂತು ನೋಡಿದಳು.

"ಉಂಡ್ರೇನ್ರೀ ಅಮ್ಮಾರ?"

"ಹೂಂ."

ತಾಯಕ್ಕ ನಡುಬಾಗಿಲ ಕಡೆ ನೋಡಿ ನಕ್ಕಳು. "ಬೀಗ ಹಾಕ್ಯಾರ. ಬೀಗಾನ ಉಂಡ್ರೇನು?"

ಪಂಪಮ್ಮ ಮುಖ ತಿರುಗಿಸಿದಳು. ತಾಯಕ್ಕ ಕಸ ಹೊಡೆದಳು, ಹೋದಳು. ಅರ್ಧ ಗಂಟೆಗೆ ತಿರುಗಿ ಬಂದಾಗ ಸೆರಗಿನ ಕೆಳಗೆ ಒಂದು ಬೋಗಾಣಿ ಇತ್ತು. ಅದರಲ್ಲಿ ಜೋಳದ ನುಚ್ಚು, ಮೇಲೆ ಮಜ್ಜಿಗೆ, ಬದಿಗೆ ಪುಂಡಿಪಲ್ಯ. ಮೆಟ್ಟಿಲ ಮೇಲೆ ಕೂತು, ತಲೆಬಾಗಿಲ ಹೊಸ್ತಿಲಿನ ಮೇಲಿಂದ ಬೋಗಾಣಿಯನ್ನು ಒಳಗೆ ಸರಿಸಿದಳು. ವಾಸನೆಗೆ ಪಂಪಮ್ಮ ಹೊಸ್ತಿಲ ಬಳಿ ಸರಿದಳು. ನುಚ್ಚು ಬಿಸಿ ಇತ್ತು. ಹಬೆ ಬಂದು ಪಂಪಮ್ಮನ ಮುಖಕ್ಕೆ ಬಡಿಯಿತು. ಸೋಮವಾರಕ್ಕೆ ಇನ್ನು ಎರಡೇ ದಿನ, ಒಂದು ಅಗಳೂ ಬೇಡ ಎಂದು ಅಯ್ಯನವರು ಹೇಳಿದ್ದಾರೆ ಎಂದು ಅವಳು ನೆನೆದಳು. ಬೋಗಾಣಿಯನ್ನು ಬೆರಳಿನಿಂದ ಆಚೆ ನೂಕಿದಳು. ತಾಯಕ್ಕ ಅದನ್ನು ಮತ್ತೆ ಈಚೆ ಸರಿಸಿದಳು.

"ನಾ ಬೀದಿ ಕಡೆ ಮಕ ಮಾಡಿ ಕುಂದರ್ತೀನಿ. ನಾ ನೋಡಂಗಿಲ್ಲ, ನೀವು ಉಂಡಂಗಿಲ್ಲ."

ಹಾಗೆಯೇ ಬೆನ್ನು ತಿರುಗಿಸಿ ಕೂತಳು. ಪಂಪಮ್ಮ ಮೊದಲ ತುತ್ತಿಗೆ ನಾಲಗೆ ಸುಟ್ಟುಕೊಂಡಳು. ಎರಡನೆಯದನ್ನು ಊದಲಿಲ್ಲ. ಪುಂಡಿಪಲ್ಯದ ಹುಳಿಗೆ ಕಣ್ಣಲ್ಲಿ ನೀರು ಬಂತು, ಮಜ್ಜಿಗೆ ಮೊಣಕೈಗೆ ಹರಿಯಿತು, ಅದನ್ನೂ ನೆಕ್ಕಿದಳು. ಬೋಗಾಣಿಯ ತಳ ಬೆರಳಿನಿಂದ ಬಳಿದಳು. ಹುಟ್ಟಿದ ಮೇಲೆ ಇಷ್ಟು ರುಚಿಯಾದದ್ದನ್ನು ಅವಳು ಉಂಡಿರಲಿಲ್ಲ. ಹಾಗೆಂದು ಅನಿಸಿದ್ದಕ್ಕೇ ಅವಳಿಗೆ ತಾಯಕ್ಕನ ಮೇಲೆ ಸಿಟ್ಟು ಬಂತು.

ಹೊಟ್ಟೆ ತುಂಬಿದ ಮೇಲೆ ಮನುಷ್ಯನಿಗೆ ಹಳೆಯ ಬುದ್ಧಿಯೆಲ್ಲ ಒಂದೊಂದಾಗಿ ಎದ್ದು ಕೂರುತ್ತದೆ. ಪಂಪಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಯಾರ ಮುಂದೂ ಹೇಳಬ್ಯಾಡ ಎಂದಳು. ಹೇಳಿದರೆ ನನಗೇನು ಬರುತ್ತದೆ ಎಂದಳು ತಾಯಕ್ಕ. ಆಮೇಲೆ ಪಂಪಮ್ಮನ ಕಣ್ಣು ತಲೆಬಾಗಿಲ ಹೊಸ್ತಿಲ ಮೇಲೆ ಹೋಯಿತು. ಬೋಗಾಣಿ ಸರಿಸುವಾಗ ತಾಯಕ್ಕನ ಮೊಣಕೈ ಅದರ ಮೇಲೆ ಊರಿತ್ತು.

"ಹೊಚ್ಚಲಕ್ಕ ಒಂದೀಟು ನೀರು ಹಾಕಿ ಹೋಗು," ಎಂದಳು.

ತಾಯಕ್ಕ ಎದ್ದು ನಿಂತಳು. ನಗಲೂ ಇಲ್ಲ, ಬೈಯಲೂ ಇಲ್ಲ. ಸಂದಿಯ ನಲ್ಲಿಯಿಂದ ನೀರು ತಂದು ಹೊಸ್ತಿಲಿಗೆ ಹಾಕಿ, ಅದೇ ನೀರಿನಲ್ಲಿ ಬೋಗಾಣಿಯನ್ನೂ ತೊಳೆದುಕೊಂಡು ಹೋದಳು.

ಭಾನುವಾರ ಏನೂ ಆಗಲಿಲ್ಲ. ಕಾವ್ಯ ನಡುಬಾಗಿಲ ಬಳಿ ಬಂದು, ಅಜ್ಜಿ, ಮಗು ಚೆನ್ನಾಗೈತಂತ, ನಾಳೆ ನೀ ಒಳಗ ಬರ್ತೀಯಲ್ಲ, ನಿನ್ನ ಕೋಣಿ ಗುಡಿಸಿಸೀನಿ ಎಂದಳು. ಪಂಪಮ್ಮ ಅವತ್ತು ಇಡೀ ದಿನ ತನ್ನ ಕೋಣೆಯನ್ನು ಮನಸ್ಸಿನಲ್ಲಿಯೇ ಜೋಡಿಸಿದಳು. ಬಸುರಿ ಮಂಚದ ಮೇಲೆ, ತಾನು ಕೆಳಗೆ ಕಿಟಕಿಯ ಪಕ್ಕ. ಹೆರಿಗೆಯಾದ ಮೇಲೆ ಮಗುವಿಗೆ ಎಣ್ಣೆ ಹಚ್ಚಲು ತನಗಿಂತ ಗೊತ್ತಿದ್ದವರು ಆ ಮನೆಯಲ್ಲಿ ಯಾರಿದ್ದಾರೆ.

ಸೋಮವಾರ ಬೆಳಿಗ್ಗೆ ಕೊಟ್ರಯ್ಯ ಬಂದರು. ಅಷ್ಟರಲ್ಲಿ ಮನೆಯವರು ಪಂಪಮ್ಮನಿಗೆ ಬಿಸಿನೀರು ಹುಯ್ದು, ಹೊಸ ಸೀರೆ ಉಡಿಸಿದ್ದರು. ನಡುಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ದೇವರ ದೀಪ, ಅದರಾಚೆ ಒಲೆಯ ಬೆಂಕಿ, ಎಲ್ಲ ಕಾಣುತ್ತಿತ್ತು. ಶೈಲಜಾ ಒಳಗೆ ಆರತಿ ತಟ್ಟೆ ಹಿಡಿದು ನಿಂತಿದ್ದಳು, ಅವಳ ಹಿಂದೆ ಕಾವ್ಯ. ಮಲ್ಲೇಶ ಅವ್ವನ ತೋಳು ಹಿಡಿದು ಹೊಸ್ತಿಲ ಮುಂದೆ ನಿಲ್ಲಿಸಿದ. ತಾಯಕ್ಕ ತಲೆಬಾಗಿಲ ಬಳಿ ಸ್ನಾನದ ಹೊಲಸು ನೀರು ಬಳಿಯುತ್ತಿದ್ದಳು.

ಅಯ್ಯನವರು ವಿಭೂತಿ ಹಚ್ಚಿ, ಪದ್ಧತಿಯಂತೆ ಕೇಳಿದರು. ಈ ಒಲೆಯದು ಬಿಟ್ಟು ಬೇರೆ ಏನಾದರೂ ಮುಟ್ಟಿದೆಯಾ ತಾಯಿ. ಇಲ್ಲ ಎಂದಳು ಪಂಪಮ್ಮ. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಶೈಲಜಾಗೆ ಶನಿವಾರದ್ದೊಂದು ಅನುಮಾನ ಇತ್ತು. ಐದು ಗಂಟೆಗೆ ತಿರುಗಿ ಬರುವಾಗ ಮುದುಕಿ ಕೂಗಾಡುತ್ತಿರುತ್ತಾಳೆಂದು ಅವಳು ಹೆದರಿದ್ದಳು. ಮುದುಕಿ ಗೊರಕೆ ಹೊಡೆಯುತ್ತಿದ್ದಳು.

"ಅತ್ತಿ, ಸನಿವಾರ ತಾಯಕ್ಕ ಏನರ ತಂದುಕೊಟ್ಳೇನು? ಇದ್ದದ್ದು ಹೇಳ್ರಿ. ಹೊಟ್ಟಿಲಿರೋ ಕೂಸಿನ ಮಾತದು."

ಸುಮ್ಮನೆ ಇಲ್ಲ ಎಂದಿದ್ದರೆ ಆಗುತ್ತಿತ್ತು. ಹೊಸ್ತಿಲು ಕಾಲಿಗೆ ಒಂದು ಗೇಣು ದೂರದಲ್ಲಿತ್ತು. ಆದರೆ ಐವತ್ತು ವರ್ಷ ಆ ಪಡಸಾಲೆಯನ್ನು ಆಳಿದ ನಾಲಗೆ ಅದು. ಸುಳ್ಳನ್ನು ಗಟ್ಟಿ ಮಾಡಲು ಕೈಗೆ ಸಿಕ್ಕ ಕಲ್ಲನ್ನು ಎತ್ತಿಕೊಂಡಿತು.

"ಆಕಿ ಕೈಯಾಗಿಂದು ನಾ ಉಣ್ಲೇನು? ಆಕಿ ಮನಿ ಕೂಳು ನಾಯಿ ಸೈತ ಮೂಸಂಗಿಲ್ಲ."

ನೀರು ಬಳಿಯುವ ಸದ್ದು ನಿಂತಿತು. ತಾಯಕ್ಕ ಪೊರಕೆಯನ್ನು ಗೋಡೆಗೆ ನಿಲ್ಲಿಸಿ, ಕೈಯನ್ನು ಸೀರೆಗೆ ಒರೆಸಿಕೊಂಡಳು. ದನಿ ಎತ್ತರಿಸಲಿಲ್ಲ.

"ಸನಿವಾರ ಒಂದು ಬೋಗಾಣಿ ನುಚ್ಚು ಮೂಸಿತ್ತಲ್ಲವ್ವ. ತಳಾನೂ ನೆಕ್ಕಿತ್ತು."

ಪಂಪಮ್ಮ ಸುಳ್ಳು ಎನ್ನಲು ಬಾಯಿ ತೆರೆದಳು. ತಾಯಕ್ಕ ಪುಂಡಿಪಲ್ಯದ ಮಾತು ಹೇಳಿದಳು, ಹೊಸ್ತಿಲಿಗೆ ನೀರು ಹಾಕಿಸಿದ್ದನ್ನೂ ಹೇಳಿದಳು. ಆ ನೀರಿನ ಮಾತು ಕೇಳಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಪಂಪಮ್ಮನಲ್ಲದೆ ಬೇರೆ ಯಾರೂ ಹಾಗೆ ಹೇಳುತ್ತಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಕೊಟ್ರಯ್ಯ ವಿಭೂತಿಗಟ್ಟಿಯನ್ನು ಜೋಳಿಗೆಗೆ ಹಾಕಿಕೊಂಡು, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಎದ್ದರು. ಮಲ್ಲೇಶ ಹಿಡಿದ ತೋಳನ್ನು ಬಿಟ್ಟ. ಪಂಪಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತು, ಶೈಲಜಾಳನ್ನು ಬಿಟ್ಟು, ಅವಳ ಹಿಂದೆ ನಿಂತ ಮೊಮ್ಮಗಳನ್ನು ನೋಡಿದಳು.

"ಕಾವ್ಯಾ, ನೀ ಓದಿದಾಕಿ. ನೀನರ ಹೇಳವ್ವ ಇವ್ರಿಗೆ."

ಕಾವ್ಯ ಮುಂದೆ ಬಂದಳು. ಕಣ್ಣಲ್ಲಿ ನೀರಿತ್ತು. ಇದರಲ್ಲೆಲ್ಲ ತನಗೆ ಕಾಳಿನಷ್ಟೂ ನಂಬಿಕೆ ಇಲ್ಲ, ಶಾಲೆಯಲ್ಲಿ ಮಕ್ಕಳಿಗೆ ತಾನು ಕಲಿಸುವುದೇ ಬೇರೆ ಎಂದಳು. ಪಂಪಮ್ಮ ಒಂದು ಕಾಲನ್ನು ಎತ್ತಿದಳು.

"ಆದ್ರ ಈ ಎರಡು ತಿಂಗಳು ಬ್ಯಾಡ ಅಜ್ಜಿ," ಎಂದಳು ಕಾವ್ಯ. ಎತ್ತಿದ ಕಾಲು ಕೆಳಗಿಳಿಯುವವರೆಗೆ ಕಾದು, ಬಾಗಿಲನ್ನು ತಾನೇ ಮುಂದೆ ಮಾಡಿ ಚಿಲಕ ಹಾಕಿದಳು.

ಎರಡು ತಿಂಗಳಿಗೆ ಗಂಡು ಮಗುವಾಯಿತು. ಕೂಸು ಇನ್ನೂ ಎಳೆಯದು, ಮೂರು ತಿಂಗಳಾಗಲಿ ಎಂದರು. ಮೂರು ತಿಂಗಳಿಗೆ ಕಾವ್ಯ ಮಗುವನ್ನು ಎತ್ತಿಕೊಂಡು ಅದೇ ಪಡಸಾಲೆಯ ಮೂಲಕ ಗಂಡನ ಮನೆಗೆ ಹೋದಳು. ಮಗುವಿನ ಮುಖದ ಮೇಲೆ ಸೆರಗು ಮುಚ್ಚಿತ್ತು. ಆಮೇಲೆ ಒಳಗೆ ಕರೆಯುವ ಮಾತನ್ನು ಯಾರೂ ಎತ್ತಲಿಲ್ಲ. ಪಂಪಮ್ಮನೂ ಎತ್ತಲಿಲ್ಲ.

ಉಂಡ ಒಲೆಯೇ ಮನೆ ಎಂದ ಅಯ್ಯನವರ ಮಾತನ್ನು ಶೈಲಜಾ ಚಾಚೂ ತಪ್ಪದೆ ನಡೆಸಿದಳು. ತಿಂಗಳಿಗೊಂದು ಚೀಲ ಅಕ್ಕಿ ತಾಯಕ್ಕನ ಮನೆಗೆ ಹೋಗುತ್ತಿತ್ತು, ಎರಡು ಹೊತ್ತು ಬೋಗಾಣಿ ಬರುತ್ತಿತ್ತು. ತಾಯಕ್ಕ ಅಕ್ಕಿಯನ್ನು ತಾನುಂಡು ನುಚ್ಚನ್ನು ಇವಳಿಗೆ ತರುತ್ತಾಳೆಂದು ಕೇರಿಯವರು ಆಡಿಕೊಂಡರು. ಮಲ್ಲೇಶನ ಕಿವಿಗೂ ಬಿತ್ತು, ಅವನು ಕೇಳಿಸಿಕೊಳ್ಳಲಿಲ್ಲ. ತಾಯಕ್ಕ ಬೋಗಾಣಿ ಇಟ್ಟು, ಪೊರಕೆ ಹಿಡಿದು, ಸರಿ ಆಕಡಿ ಎನ್ನುತ್ತಿದ್ದಳು. ಪಂಪಮ್ಮ ಚಾಪೆ ಸುತ್ತಿಕೊಂಡು ಸರಿಯುತ್ತಿದ್ದಳು. ಭತ್ತ ತಂದ ರೈತರಿಗೆ ಮೊದಮೊದಲು ಆ ಮುದುಕಿಯ ಮುಂದೆ ಬೆಂಚಿನ ಮೇಲೆ ಕೂರಲು ಅಳುಕಾಗುತ್ತಿತ್ತು. ವರ್ಷ ಕಳೆಯುವುದರೊಳಗೆ ಅವಳ ಚಾಪೆಯ ಮೇಲೆಯೇ ಚೀಲ ಇಳಿಸತೊಡಗಿದರು.

ಹೀಗೆ ಅವಳು ಎರಡು ವರ್ಷ ನಾಲ್ಕು ತಿಂಗಳು ಬದುಕಿದಳು. ಆ ಕೊನೆಯ ಚಳಿಗಾಲದಲ್ಲಿ ಒಂದು ದಿನ ತಾಯಕ್ಕ ನೆಂಟರ ಮದುವೆಗೆಂದು ಹೊಸಪೇಟೆಗೆ ಹೋದವಳು ಯಾರಿಗೂ ಹೇಳಿ ಹೋಗಿರಲಿಲ್ಲ. ಬೆಳಗಿನ ಬೋಗಾಣಿ ಬರಲಿಲ್ಲ, ಮಧ್ಯಾಹ್ನದ್ದೂ ಬರಲಿಲ್ಲ. ಸಂಜೆಗೆ ಪಂಪಮ್ಮ ತೆವಳಿಕೊಂಡು ಹೋಗಿ ನಡುಬಾಗಿಲನ್ನು ಬೆರಳಿನಿಂದ ತಟ್ಟಿದಳು. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತಿತು.

"ತಡೀರಿ ಅತ್ತಿ, ತಾಯಕ್ಕ ಬರ್ತಾಳ," ಎಂದಳು ಶೈಲಜಾ.

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಪಂಪಮ್ಮ ಬಾಗಿಲಿಗೆ ಒರಗಿ ಕೂತು ಕಾದಳು. ತಾಯಕ್ಕ ಬಂದದ್ದು ಮೂರನೆಯ ದಿನ. ಅವಳು ಪೊರಕೆ ಹಿಡಿದು, ಸರಿ ಆಕಡಿ ಎಂದಾಗ ಪಂಪಮ್ಮ ಸರಿಯಲಿಲ್ಲ.